ಆಶ್ರಯ ಮನೆ ಹತ್ತು ಮಳೆಗಾಲ ಕಂಡ ಮೇಲೆ: ವಸತಿ ಯೋಜನೆ ಗೆದ್ದಿದೆಯೋ ಇಲ್ಲವೋ ಅಳೆಯುವುದು ಹೇಗೆ?

ಕಾಳಿ ದಂಡೆ, ಕಾರವಾರ

ನಮ್ಮ ಪಂಚಾಯ್ತಿಯ ಮುಂದಿನ ಗ್ರಾಮಸಭೆಯಲ್ಲಿ ವಸತಿ ಯೋಜನೆಗಳ ವಿಷಯ ಬರಲಿದೆ. ಅದಕ್ಕೆ ಮೊದಲು ಇಲ್ಲಿ ಎಲ್ಲರ ಹತ್ತಿರ ಒಂದು ವಿಚಾರ ಕೇಳಬೇಕಿತ್ತು. ಸರಕಾರದ ಮನೆ ಯೋಜನೆ ಚೆನ್ನಾಗಿ ನಡೆದಿದೆ ಅಂತ ಹೇಳುವುದು ಯಾವುದನ್ನು ನೋಡಿ?

ಈಗ ಸಭೆಯಲ್ಲಿ ಓದುವ ಲೆಕ್ಕ ಮೂರೇ ಮೂರು. ಗುರಿ ಎಷ್ಟು, ಮಂಜೂರಾಗಿದ್ದು ಎಷ್ಟು, ಪೂರ್ಣವಾಗಿದ್ದು ಎಷ್ಟು. ಪೂರ್ಣ ಅಂತ ದಾಖಲಾದ ದಿನವೇ ಆ ಮನೆಯ ಕಥೆ ಕಾಗದದಲ್ಲಿ ಮುಗಿದುಹೋಗುತ್ತದೆ. ಆಮೇಲೆ ಅದು ಸೋರಿತೋ, ಬಿರುಕು ಬಿಟ್ಟಿತೋ, ಬೀಗ ಹಾಕಿಕೊಂಡು ಗೋವಾಕ್ಕೆ ದುಡಿಯಲು ಹೋದರೋ, ಯಾರೂ ಕೇಳುವುದಿಲ್ಲ.

ನಮ್ಮ ಕೇರಿಯಲ್ಲಿ ಒಂದು ಸುತ್ತು ಬಂದರೆ ಸರಕಾರಿ ಮನೆಗಳ ಚರಿತ್ರೆಯೇ ಕಾಣುತ್ತದೆ. ಹಿರಿಯರು ಇವತ್ತಿಗೂ ಜನತಾ ಮನೆ ಅಂತಲೇ ಕರೆಯುವ ಹಂಚಿನ ಮನೆಗಳಿವೆ. 1985ರಲ್ಲಿ ಶುರುವಾದ ಇಂದಿರಾ ಆವಾಸ್ ಮನೆಗಳಿವೆ. 1991-92ರ ನಂತರದ ಆಶ್ರಯ ಮನೆಗಳಿವೆ. ಅದರಾಚೆ 2010ರಲ್ಲಿ ಬಂದ ಬಸವ ವಸತಿಯವು, 2016ರ ಮೇಲಿನ ಪ್ರಧಾನಮಂತ್ರಿ ಆವಾಸ್‌ನವು. ಹೆಚ್ಚಿನ ಸ್ಲ್ಯಾಬ್ ಮನೆಗಳ ಮೇಲೆ ಈಗ ಕಬ್ಬಿಣದ ಪೈಪು ನಿಲ್ಲಿಸಿ ಶೀಟು ಹೊದಿಸಿದ್ದಾರೆ. ಅಂದರೆ ಸರಕಾರ ಕೊಟ್ಟ ಮಾಡಿನ ಮೇಲೆ ಜನ ಸಾಲ ಮಾಡಿ ಇನ್ನೊಂದು ಮಾಡು ಕಟ್ಟಿಕೊಂಡಿದ್ದಾರೆ. ಸರಕಾರದ ಲೆಕ್ಕದಲ್ಲಿ ಇದು ಯಶಸ್ಸು. ಮನೆಯೊಳಗೆ ಮಲಗುವವರ ಲೆಕ್ಕದಲ್ಲಿ ಏನು?

ನನಗೆ ಅನಿಸುವುದು ಇಷ್ಟು. ಹತ್ತು ಮಳೆಗಾಲ ಕಳೆದ ಮೇಲೆ ಆ ಮನೆಯಲ್ಲಿ ಅದೇ ಕುಟುಂಬ ಒದ್ದೆಯಾಗದೆ ಬದುಕುತ್ತಿದೆಯಾ ಅನ್ನುವುದನ್ನೇ ಮೊದಲು ನೋಡಬೇಕು. ಕಟ್ಟಿದ್ದನ್ನು ಉಳಿಸಿಕೊಳ್ಳಲು ಯೋಜನೆಯಲ್ಲಿ ಹಣ ಇದೆಯಾ ಅನ್ನುವುದು ಎರಡನೆಯದು. ನಿಮಗೆಲ್ಲ ಏನನಿಸುತ್ತದೆ?

---

ಶಿರಸಿ ಮೇಸ್ತ್ರಿ

ಅಕ್ಕ, ಈ ಮನೆಗಳನ್ನು ಕಟ್ಟಿದವ ನಾನು. ಹಾಗಾಗಿ ಸೋರುವುದು ಯಾಕೆ ಅಂತ ಹೇಳುತ್ತೇನೆ.

ಪ್ರಧಾನಮಂತ್ರಿ ಆವಾಸ್ ಗ್ರಾಮೀಣದಲ್ಲಿ ಮನೆ ಕನಿಷ್ಠ 25 ಚದರ ಮೀಟರ್ ಇರಬೇಕು, ಅಂದರೆ ಸುಮಾರು 270 ಚದರಡಿ. ಅದಕ್ಕೆ ಕೊಡುವುದು 1.20 ಲಕ್ಷ. ಗುಡ್ಡಗಾಡು ರಾಜ್ಯಗಳಿಗೆ 1.30 ಲಕ್ಷ ಅಂತ ಇದೆ. ಆದರೆ ನಮ್ಮ ಘಟ್ಟದ ಮೇಲಿನ ಊರುಗಳಿಗೆ ಸಿಗುವುದು ಬಯಲುಸೀಮೆಯ ದರವೇ. ಈ ಮೊತ್ತ 2016ರಲ್ಲಿ ಇಟ್ಟಿದ್ದು, ಬದಲಾಗಿಲ್ಲ. ಅಷ್ಟರೊಳಗೆ ಸಿಮೆಂಟು, ಕಬ್ಬಿಣ, ನಮ್ಮ ಕೂಲಿ ಎಲ್ಲ ಎಲ್ಲಿಗೆ ಹೋಗಿದೆ ಅಂತ ನಿಮಗೇ ಗೊತ್ತು. ಆ ದುಡ್ಡಲ್ಲಿ ಪಾಯ ಎದ್ದು ಚಿರೆಕಲ್ಲಿನ ಗೋಡೆ ಲಿಂಟಲ್, ಅಂದರೆ ಬಾಗಿಲ ಮೇಲಿನ ಪಟ್ಟಿ, ಮುಟ್ಟುವಷ್ಟರಲ್ಲಿ ಕೈ ಖಾಲಿ.

ಅಲ್ಲಿಂದ ಮುಂದೆ ತೊಂದರೆ ಶುರು. ಕಂತು ಬರುವುದು ತಡವಾಗುತ್ತದೆ. ಗೋಡೆ ಮಾತ್ರ ಎದ್ದು ನಿಂತಿರುತ್ತದೆ, ಜೂನ್ ಬಂದುಬಿಡುತ್ತದೆ. ಮಾಡು ಇಲ್ಲದ ಚಿರೆಕಲ್ಲಿನ ಗೋಡೆಯ ಮೇಲೆ ನಮ್ಮ ಮಳೆ ನಾಲ್ಕು ತಿಂಗಳು ಸುರಿದರೆ ಸಂದಿಯ ಗಾರೆ ತೊಳೆದುಹೋಗುತ್ತದೆ. ಕಲ್ಲು ನೀರು ಕುಡಿಯುತ್ತದೆ. ಮುಂದಿನ ವರ್ಷ ಅದರ ಮೇಲೆಯೇ ಸ್ಲ್ಯಾಬ್ ಹಾಕುತ್ತೇವೆ. ಹಾಕುವಾಗಲೂ ಗಡಿಬಿಡಿ. ಸರಿಯಾಗಿ ನೀರು ಕಟ್ಟಿ ಕ್ಯೂರಿಂಗ್ ಮಾಡಲು ಬೇಸಗೆಯಲ್ಲಿ ಬಾವಿಯಲ್ಲಿ ನೀರಿರುವುದಿಲ್ಲ. ಇಳಿಜಾರು ಕೊಡದೆ ಸಪಾಟಾಗಿ ಹಾಕಿದರೆ ನೀರು ಅಲ್ಲೇ ನಿಲ್ಲುತ್ತದೆ.

ಕರಾವಳಿ ಕಡೆ ಇನ್ನೊಂದಿದೆ. ಅಳಿವೆ ಹತ್ತಿರದ ಉಪ್ಪು ಮರಳು ತೊಳೆಯದೆ ಬಳಸಿದರೆ ಒಳಗಿನ ಸರಳು ತುಕ್ಕು ಹಿಡಿಯುತ್ತದೆ. ತುಕ್ಕು ಹಿಡಿದ ಸರಳು ಉಬ್ಬುತ್ತದೆ, ಕೆಳಗಿನ ಕಾಂಕ್ರೀಟನ್ನು ದೂಡುತ್ತದೆ. ಮೊದಲು ಸ್ಲ್ಯಾಬಿನ ಅಡಿಯಲ್ಲಿ ಕಂದು ಗೆರೆ ಕಾಣುತ್ತದೆ, ಆಮೇಲೆ ಸರಳಿನ ಉದ್ದಕ್ಕೂ ಬಿರುಕು, ಆಮೇಲೆ ಚಕ್ಕೆ ಚಕ್ಕೆಯಾಗಿ ಬೀಳುತ್ತದೆ. ತೊಟ್ಟಿಲ ಮೇಲೆ ಬಿದ್ದಿದ್ದನ್ನು ನೋಡಿದ್ದೇನೆ. ಪುಣ್ಯಕ್ಕೆ ಮಗು ಅದರಲ್ಲಿ ಇರಲಿಲ್ಲ.

ಹಳೆಯ ಹಂಚಿನ ಮನೆ ಸೋರಿದರೆ ಒಂದು ಹಂಚು ಬದಲಿಸಿದರೆ ಆಯ್ತು. ಮನೆಯವರೇ ಏಣಿ ಹಾಕಿ ಹತ್ತುತ್ತಿದ್ದರು. ಸ್ಲ್ಯಾಬ್ ಸೋರಿದರೆ ಬಡವ ಏನು ಮಾಡಬೇಕು? ಪಕ್ಕಾ ಮನೆ ಅಂದರೆ ಸ್ಲ್ಯಾಬೇ ಅನ್ನುವ ಯೋಚನೆ ನಮ್ಮ ಜಿಲ್ಲೆಯಲ್ಲಿ ಬಹಳ ನಷ್ಟ ಮಾಡಿದೆ. ಮಾಡು ಇಳಿಜಾರಾಗಿರಲಿ, ಸೂರು ಗೋಡೆಯಿಂದ ಎರಡೂವರೆ ಮೂರು ಅಡಿ ಹೊರಗೆ ಬರಲಿ. ಗೋಡೆ ತಾನಾಗಿಯೇ ಉಳಿಯುತ್ತದೆ.

---

ಕಚೇರಿ ಕೆಲಸದವ, ಅಂಕೋಲಾ

ಮೇಸ್ತ್ರಿಯವರು ಹೇಳಿದ್ದು ಸರಿ. ನಮ್ಮ ಕಡೆಯಿಂದ ಹೇಗೆ ನಡೆಯುತ್ತದೆ ಅಂತಲೂ ತಿಳಿದಿರಲಿ.

ರಾಜ್ಯದ ಯೋಜನೆಗಳನ್ನು 2000ದಲ್ಲಿ ಶುರುವಾದ ರಾಜೀವ್ ಗಾಂಧಿ ಗ್ರಾಮೀಣ ವಸತಿ ನಿಗಮ ನೋಡಿಕೊಳ್ಳುತ್ತದೆ. ಬಸವ ವಸತಿಗೆ 1.20 ಲಕ್ಷ. ಅಂಬೇಡ್ಕರ್ ನಿವಾಸ ಯೋಜನೆಯಲ್ಲಿ ಹಳ್ಳಿಗೆ 1.75 ಲಕ್ಷ. ಪಾಯ, ಲಿಂಟಲ್, ಛಾವಣಿ, ಪೂರ್ಣ ಅಂತ ನಾಲ್ಕು ಹಂತ. ಪ್ರತಿ ಹಂತದಲ್ಲಿ ಮನೆ ಮುಂದೆ ಫಲಾನುಭವಿಯನ್ನು ನಿಲ್ಲಿಸಿ ಜಿಪಿಎಸ್ ಫೋಟೊ ಏರಿಸಬೇಕು. ಹಣ ನೇರ ಅವರ ಖಾತೆಗೇ ಹೋಗುತ್ತದೆ. ಇದರಿಂದ ಮಧ್ಯದವರ ಹಾವಳಿ ಕಡಿಮೆಯಾಗಿದ್ದು ನಿಜ. ಹಿಂದೆ ಪಾಯವೇ ಇಲ್ಲದ ಮನೆಗೆ ಬಿಲ್ ಆಗುತ್ತಿತ್ತು ಅಂತ ಹಿರಿಯರು ಹೇಳುತ್ತಾರಲ್ಲ, ಅಂಥದ್ದು ಈಗ ಕಷ್ಟ. ಇದನ್ನು ಯೋಜನೆಯ ಗೆಲುವು ಅಂತ ಒಪ್ಪಿಕೊಳ್ಳಲೇಬೇಕು.

ಕೇಂದ್ರದ ಯೋಜನೆಯಲ್ಲಿ 1.20 ಲಕ್ಷದ ಜೊತೆ ನರೇಗಾದಿಂದ 90 ದಿನದ ಕೂಲಿ, ಶೌಚಾಲಯಕ್ಕೆ 12,000 ಸೇರಿಸಿಕೊಳ್ಳಬಹುದು ಅಂತ ಮಾರ್ಗಸೂಚಿ ಇತ್ತು. ಎಲ್ಲ ಸೇರಿಸಿದರೂ ಮೇಸ್ತ್ರಿಯವರು ಹೇಳಿದ ಮನೆ ಏಳುವುದಿಲ್ಲ, ಅದು ಬೇರೆ ಮಾತು.

ಆದರೆ ದುರಸ್ತಿಗೆ? ಮಳೆಗಾಲದಲ್ಲಿ ಅಮ್ಮಂದಿರು ಕಚೇರಿಗೆ ಬಂದು ಮನೆ ಸೋರುತ್ತಿದೆ ಅನ್ನುತ್ತಾರೆ. ನಾನು ಅವರ ಹೆಸರು ಹಾಕಿ ನೋಡುತ್ತೇನೆ. ಈಗಾಗಲೇ ಮನೆ ಪಡೆದವರು ಅಂತ ಬರುತ್ತದೆ. ಅಲ್ಲಿಗೆ ದಾರಿ ಮುಚ್ಚಿತು. ಇನ್ನೊಂದು ಮನೆ ಕೊಡಲು ಬರುವುದಿಲ್ಲ, ಇರುವ ಮನೆ ರಿಪೇರಿಗೆ ಈ ಯೋಜನೆಗಳಲ್ಲಿ ಜಾಗವಿಲ್ಲ. ಅವರನ್ನು ವಾಪಸ್ ಕಳಿಸುವಾಗ ನನಗೂ ಸಂಕಟವಾಗುತ್ತದೆ.

---

ಕುಮಟಾದವ, ಈಗ ಬಾಸ್ಟನ್

ಕಾಳಿ ದಂಡೆ ಅಕ್ಕನ ಪ್ರಶ್ನೆ ಓದಿ ಇಲ್ಲಿಯ ಒಂದು ಯೋಜನೆ ನೆನಪಾಯಿತು. ಅದನ್ನು ಅಳೆದ ರೀತಿ ನಮಗೆ ಉಪಯೋಗಕ್ಕೆ ಬರಬಹುದು.

ಅಮೆರಿಕದಲ್ಲಿ 1937ರ ಕಾನೂನಿನಿಂದ ಶುರುವಾದ ಸಾರ್ವಜನಿಕ ವಸತಿ ಇದೆ. ಮನೆ ಸ್ಥಳೀಯ ವಸತಿ ಪ್ರಾಧಿಕಾರದ್ದು, ಬಡವರು ಬಾಡಿಗೆಗೆ ಇರುತ್ತಾರೆ. ಕಟ್ಟಲು ದುಡ್ಡು ಕೊಟ್ಟ ಸರಕಾರ ದುರಸ್ತಿಗೆ ಸಾಲುವಷ್ಟು ಕೊಡಲಿಲ್ಲ. 2010ರ ಒಂದು ಅಂದಾಜಿನ ಪ್ರಕಾರ ಬಾಕಿ ಬಿದ್ದ ದುರಸ್ತಿಯೇ ಸುಮಾರು 26 ಬಿಲಿಯನ್ ಡಾಲರ್. ಲಿಫ್ಟ್ ಕೆಟ್ಟಿದೆ, ಪೈಪ್ ಒಡೆದಿದೆ, ಗೋಡೆಯಲ್ಲಿ ಬೂಷ್ಟು. ಮನೆಗಳು ಒಂದೊಂದಾಗಿ ವಾಸಕ್ಕೆ ಬಾರದಂತಾದವು.

2011ರ ಕೊನೆಗೆ ರೆಂಟಲ್ ಅಸಿಸ್ಟೆನ್ಸ್ ಡೆಮಾನ್‌ಸ್ಟ್ರೇಶನ್ ಅಂತ ಯೋಜನೆ ತಂದರು. ಜನ ರ‍್ಯಾಡ್ ಅನ್ನುತ್ತಾರೆ. ಪ್ರತಿ ವರ್ಷ ಸಂಸತ್ತು ಕೊಟ್ಟಷ್ಟು ಅನ್ನುವ ಅನುದಾನದ ಬದಲು ಆ ಮನೆಗಳನ್ನು ದೀರ್ಘಾವಧಿಯ ಬಾಡಿಗೆ ಸಹಾಯಧನದ ಒಪ್ಪಂದಕ್ಕೆ ಹಾಕಿದರು. ಒಪ್ಪಂದ 15ರಿಂದ 20 ವರ್ಷದ್ದು. ಖಾತ್ರಿ ಆದಾಯ ಇದೆ ಅಂದರೆ ಬ್ಯಾಂಕು ಸಾಲ ಕೊಡುತ್ತದೆ. ಆ ಸಾಲದಲ್ಲಿ ದುರಸ್ತಿ. ಮೊದಲು 60,000 ಮನೆಗಳ ಮಿತಿ ಇತ್ತು, 2018ರ ಹೊತ್ತಿಗೆ ಅದನ್ನು 4,55,000ಕ್ಕೆ ಏರಿಸಿದರು. ಬಾಡಿಗೆದಾರರು ಸಾಮಾನ್ಯವಾಗಿ ತಮ್ಮ ಆದಾಯದ ಶೇ 30ರಷ್ಟನ್ನೇ ಬಾಡಿಗೆ ಕೊಡಬೇಕು. ದುರಸ್ತಿ ವೇಳೆ ಬೇರೆಡೆ ಹೋದವರಿಗೆ ವಾಪಸ್ ಬರುವ ಹಕ್ಕಿದೆ.

ಇದನ್ನು ಹೊರಗಿನ ಸಂಸ್ಥೆಯಿಂದ ಮೌಲ್ಯಮಾಪನ ಮಾಡಿಸಿದರು, 2019ರಲ್ಲಿ ಅಂತಿಮ ವರದಿ ಬಂತು. ಯೋಜನೆಗೆ ಸೇರಿದ ಕಟ್ಟಡಗಳನ್ನು ಸೇರದ ಕಟ್ಟಡಗಳ ಜೊತೆ ಹೋಲಿಸಿದರು. ಬಾಡಿಗೆದಾರರನ್ನೂ ಮಾತಾಡಿಸಿದರು. ಕಟ್ಟಡಗಳ ಸ್ಥಿತಿ ಸುಧಾರಿಸಿದ್ದು ಕಂಡುಬಂತು. ಆದರೆ ಅದಕ್ಕೂ ಮೊದಲು, 2018ರಲ್ಲಿ, ಅಲ್ಲಿಯ ಸಂಸತ್ತಿನ ಲೆಕ್ಕಪರಿಶೋಧನಾ ಸಂಸ್ಥೆ ಜಿಎಒ ಎರಡು ತಪ್ಪು ತೋರಿಸಿತ್ತು. ಹೊರಗಿನಿಂದ ಎಷ್ಟು ಬಂಡವಾಳ ಬಂತು ಅನ್ನುವ ಇಲಾಖೆಯ ಲೆಕ್ಕ ಸರಿಯಿಲ್ಲ ಅಂತ ಒಂದು. ನಿವಾಸಿಗಳ ರಕ್ಷಣೆಯ ನಿಯಮಗಳು ನಿಜಕ್ಕೂ ಪಾಲನೆಯಾಗುತ್ತಿವೆಯಾ ಅಂತ ಇಲಾಖೆ ಸರಿಯಾಗಿ ನಿಗಾ ಇಡುತ್ತಿಲ್ಲ ಅಂತ ಇನ್ನೊಂದು.

ಈ ಎರಡನೆಯ ಮಾತು ನನಗೆ ದೊಡ್ಡದಾಗಿ ಕಾಣುತ್ತದೆ. ಕಟ್ಟಡ ಚೆನ್ನಾಯಿತು ಸರಿ, ಅದರಲ್ಲಿದ್ದವರು ಏನಾದರು?

---

ಗಂಗಾವಳಿ ಆಚೆ

ಬಾಸ್ಟನ್ ತಮ್ಮಾ, ಒಳ್ಳೆಯ ವಿಷಯ ಹೇಳಿದೆ. ಆದರೆ ಒಂದು ವ್ಯತ್ಯಾಸ ಬಿಡಬಾರದು. ಅಲ್ಲಿ ಮನೆಗೆ ಯಜಮಾನ ಅಂತ ಸರಕಾರಿ ಸಂಸ್ಥೆ ಇದೆ. ಸೋರಿದರೆ ಅದನ್ನು ಕೇಳಬಹುದು. ನಮ್ಮಲ್ಲಿ ಮನೆಯನ್ನು ಫಲಾನುಭವಿಗೇ ಕೊಟ್ಟುಬಿಡುತ್ತಾರೆ. ಅದು ಒಳ್ಳೆಯದೇ. ಬಡವರ ಹೆಸರಲ್ಲಿ, ಅದರಲ್ಲೂ ಹೆಂಗಸರ ಹೆಸರಲ್ಲಿ ಮನೆ ಇರುವುದು ಸಣ್ಣ ಮಾತಲ್ಲ. ನನ್ನ ಚಿಕ್ಕಮ್ಮನಿಗೆ ಗಂಡ ತೀರಿಕೊಂಡ ಮೇಲೆ ಮನೆಯಿಂದ ಹೊರಗೆ ಹಾಕಲು ನೋಡಿದರು, ಹಕ್ಕುಪತ್ರ ಅವಳ ಹೆಸರಲ್ಲಿತ್ತು ಅಂತ ಉಳಿದಳು. ಯೋಜನೆಯ ಮೌಲ್ಯಮಾಪನದಲ್ಲಿ ಇದು ಎಲ್ಲಾದರೂ ಬರುತ್ತದಾ?

ಆದರೆ ಮನೆ ಕೊಟ್ಟೆವು, ಇನ್ನು ನಿಮ್ಮ ಹಣೆಬರಹ ಅಂದರೆ ಹೇಗೆ? ಮಾಲೀಕತ್ವದ ಹೆಸರಲ್ಲಿ ದುರಸ್ತಿಯ ಭಾರ ಪೂರ್ತಿ ಬಡವರ ತಲೆಗೆ ಬಂತು.

2019ರ ಆಗಸ್ಟ್ ನೆರೆ ನೆನಪು ಮಾಡಿಕೊಳ್ಳಿ. ಗಂಗಾವಳಿ, ಕಾಳಿ ಎರಡೂ ಉಕ್ಕಿದವು. ಆಗ ಪೂರ್ತಿ ಬಿದ್ದ ಮನೆಗೆ ರಾಜ್ಯ ಸರಕಾರ 5 ಲಕ್ಷ ಘೋಷಿಸಿತು. ಅಂದರೆ ಒಂದು ಮನೆ ಕಟ್ಟಲು ಅಷ್ಟು ಬೇಕು ಅಂತ ಸರಕಾರವೇ ಒಪ್ಪಿಕೊಂಡಂತಾಯಿತು ಅಲ್ವಾ? ಅದೇ ವರ್ಷ, ಅದೇ ಊರಲ್ಲಿ, ವಸತಿ ಯೋಜನೆಯಲ್ಲಿ ಹೆಸರು ಬಂದವರಿಗೆ 1.20 ಲಕ್ಷ. ಮನೆ ಬಿದ್ದ ಮೇಲೆ ಕೊಡುವುದು ಒಂದು ಲೆಕ್ಕ, ಬೀಳದಂತೆ ಕಟ್ಟಲು ಕೊಡುವುದು ಇನ್ನೊಂದು ಲೆಕ್ಕ. ಭಾಗಶಃ ಹಾನಿಯಾದರೂ ಆಗ ಪರಿಹಾರ ಬಂತು. ಅಂದರೆ ನೆರೆ ಬಂದರೆ ರಿಪೇರಿಗೆ ದುಡ್ಡು ಹುಟ್ಟುತ್ತದೆ. ವರ್ಷ ವರ್ಷದ ಮಳೆಯಲ್ಲಿ ನಿಧಾನಕ್ಕೆ ಹಾಳಾಗುವ ಮನೆಗೆ ಹುಟ್ಟುವುದಿಲ್ಲ.

---

ಸಿದ್ದಾಪುರ ಬೆಟ್ಟದ ಕೆಳಗೆ

ನೀವೆಲ್ಲ ಮನೆ ಸಿಕ್ಕಿದವರ ಬಗ್ಗೆ ಮಾತಾಡುತ್ತಿದ್ದೀರಿ. ಸಿಗದವರನ್ನು ಅಳತೆಯಲ್ಲಿ ಸೇರಿಸಿಕೊಳ್ಳದಿದ್ದರೆ ಯಾವ ಮೌಲ್ಯಮಾಪನವೂ ಪೂರ್ತಿಯಾಗುವುದಿಲ್ಲ.

ನಮ್ಮ ಜಿಲ್ಲೆಯ ಬಹುಪಾಲು ಕಾಡು. ಕಾಡಿನ ಅಂಚಲ್ಲಿ ಅಜ್ಜನ ಕಾಲದಿಂದ ಇರುವವರಿಗೆ ಕಾಗದದಲ್ಲಿ ಇರುವ ಹೆಸರು ಅತಿಕ್ರಮಣದಾರ. ಮನೆ ಮಂಜೂರಾಗಬೇಕಾದರೆ ಜಾಗದ ದಾಖಲೆ ಬೇಕು. ಜಾಗ ಅರಣ್ಯ ಅಂತ ಇದ್ದರೆ ಪಂಚಾಯ್ತಿ ಏನೂ ಮಾಡಲಾಗದು. 2006ರ ಅರಣ್ಯ ಹಕ್ಕು ಕಾಯ್ದೆಯಲ್ಲಿ ಅರ್ಜಿ ಹಾಕಿದರು. ಬುಡಕಟ್ಟಿನವರಲ್ಲದವರು 2005ರ ಡಿಸೆಂಬರ್ 13ಕ್ಕೆ ಹಿಂದಿನ ಮೂರು ತಲೆಮಾರು, ಅಂದರೆ 75 ವರ್ಷದ ವಾಸಕ್ಕೆ ಸಾಕ್ಷಿ ಕೊಡಬೇಕು. ಕೂಲಿ ಮಾಡಿ ಬದುಕಿದ ಅಜ್ಜ ಯಾವ ಕಾಗದ ಇಟ್ಟುಕೊಂಡಿರುತ್ತಾನೆ? ಸಾವಿರಾರು ಅರ್ಜಿ ತಿರಸ್ಕಾರವಾದವು.

ನಮ್ಮ ನೆರೆಮನೆಯವರ ಹೆಸರು ಪಟ್ಟಿಯಲ್ಲಿ ಬಂದಿತ್ತು. ಅಷ್ಟು ಕಷ್ಟ ಇರುವ ಕುಟುಂಬ ಅಂತ ಗ್ರಾಮಸಭೆ ಒಪ್ಪಿತ್ತು. ಜಾಗದ ಕಾಗದ ಇಲ್ಲ ಅಂತ ಕೈಬಿಟ್ಟರು. ಈಗಲೂ ಗೋಡೆಗೆ ಅಡಿಕೆ ಸೋಗೆಯ ತಟ್ಟಿ ಕಟ್ಟುತ್ತಾರೆ. ಪ್ರತಿ ಮೇ ತಿಂಗಳ ಕೊನೆಗೆ ಹೊಸ ತಟ್ಟಿ. ಸಾಧನೆ ಶೇ 95 ಅಂತ ಸಭೆಯಲ್ಲಿ ಓದುವಾಗ ಅವರು ಆ ಉಳಿದ ಐದರಲ್ಲೂ ಇರುವುದಿಲ್ಲ. ಗುರಿಯಿಂದಲೇ ಹೆಸರು ತೆಗೆದಾಗಿದೆ.

---

ಹೊನ್ನಾವರ ಕಡಲತಡಿ

ಸಿದ್ದಾಪುರದವರೆ, ಕಡಲ ಬದಿಗೆ ಬಂದರೂ ಇದೇ ಕಥೆ, ಕಾನೂನು ಮಾತ್ರ ಬೇರೆ. ಇಲ್ಲಿ ಸಿಆರ್‌ಝಡ್, ಅಂದರೆ ಕರಾವಳಿ ನಿಯಂತ್ರಣ ವಲಯದ ನಿಯಮ. ಮೀನುಗಾರರು ದೋಣಿ, ಬಲೆ ಬಿಟ್ಟು ಒಳನಾಡಿಗೆ ಹೋಗುವಂತಿಲ್ಲ. ದಂಡೆಯಲ್ಲಿ ಹೊಸ ಮನೆ ಕಟ್ಟಲು ಅನುಮತಿಗೆ ಅಲೆಯಬೇಕು.

ಇನ್ನೊಂದು ಮಾತು. 25 ಚದರ ಮೀಟರಿನಲ್ಲಿ ಒಣಮೀನು ಇಡುವುದೆಲ್ಲಿ? ಬಲೆ ಇಡುವುದೆಲ್ಲಿ? ನಮ್ಮ ಮನೆಗಳಿಗೆ ಜಗಲಿ ಬೇಕೇ ಬೇಕು. ಹೆಂಗಸರು ಅಲ್ಲೇ ಮೀನು ಬಿಡಿಸುತ್ತಾರೆ, ಬಲೆ ಹೆಣೆಯುತ್ತಾರೆ. ಯೋಜನೆಯ ನಕ್ಷೆಯಲ್ಲಿ ಜಗಲಿ ಇಲ್ಲ. ಹಾಗಾಗಿ ಪೂರ್ಣ ಅಂತ ಫೋಟೊ ತೆಗೆದ ಮಾರನೇ ದಿನವೇ ಮುಂದೆ ತಗಡಿನ ಚಪ್ಪರ ಏಳುತ್ತದೆ. ಮನೆಯವರು ಏನನ್ನು ಸೇರಿಸಿಕೊಂಡರು ಅಂತ ಯಾರಾದರೂ ಬರೆದಿಟ್ಟರೆ ಮುಂದಿನ ನಕ್ಷೆ ತಾನೇ ಸರಿಯಾಗುತ್ತದೆ.

---

ತೋಡೂರು ಕಡೆಯವ

ಸೀಬರ್ಡ್ ನೌಕಾನೆಲೆಗೆ ಊರು ಬಿಟ್ಟುಕೊಟ್ಟ ಕುಟುಂಬದವ ನಾನು. 1986ರಲ್ಲಿ ಅದಕ್ಕೆ ಶಂಕುಸ್ಥಾಪನೆಯಾಯಿತು. ಆಮೇಲೆ ನಾವು ನಿರಾಶ್ರಿತರ ಕಾಲೊನಿಗೆ ಬಂದೆವು. ಹಾಗಾಗಿ ಮನೆ ಕೊಟ್ಟರು, ಸಮಸ್ಯೆ ಮುಗಿಯಿತು ಅನ್ನುವ ಮಾತು ಕೇಳಿದರೆ ನನಗೆ ಒಪ್ಪಲಾಗುವುದಿಲ್ಲ.

ಅಪ್ಪನಿಗೆ ಒಂದು ಮನೆ. ಈಗ ನಾವು ಮೂವರು ಅಣ್ಣತಮ್ಮಂದಿರು, ಮೂವರಿಗೂ ಮದುವೆಯಾಗಿದೆ. ಅದೇ ಗೋಡೆಗಳ ಒಳಗೆ ಮೂರು ಒಲೆ. ಹೊಸ ಯೋಜನೆಗೆ ಅರ್ಜಿ ಹಾಕೋಣ ಅಂದರೆ ಬೇರೆ ಜಾಗ ಇಲ್ಲ. ಮೇಲೆ ಇನ್ನೊಂದು ಮಾಳಿಗೆ ಎಬ್ಬಿಸೋಣ ಅಂದರೆ ಹಳೆಯ ಗೋಡೆ ತಡೆಯುತ್ತದೋ ಇಲ್ಲವೋ ಅಂತ ಹೇಳುವ ಎಂಜಿನಿಯರ್ ನಮಗೆ ಸಿಗುವುದಿಲ್ಲ. ಹತ್ತು ವರ್ಷದ ಮೇಲೆ ನೋಡಬೇಕು ಅಂತ ಅಕ್ಕ ಬರೆದಿದ್ದಾರೆ. ನಾನು ಹೇಳುವುದು, ಮೂವತ್ತು ವರ್ಷದ ಮೇಲೂ ನೋಡಿ. ಮಕ್ಕಳು ದೊಡ್ಡವರಾಗುತ್ತಾರೆ ಅನ್ನುವುದು ಕಟ್ಟುವ ದಿನವೇ ಗೊತ್ತಿರುವ ವಿಷಯ.

---

ಕಾಳಿ ದಂಡೆ, ಕಾರವಾರ

ಎಲ್ಲರಿಗೂ ಧನ್ಯವಾದ. ಇಷ್ಟು ಓದಿದ ಮೇಲೆ ಗ್ರಾಮಸಭೆಗೆ ಒಯ್ಯುವ ಕಾಗದವನ್ನು ಪೂರ್ತಿ ತಿದ್ದಿ ಬರೆಯುತ್ತಿದ್ದೇನೆ.

ಪಂಚಾಯ್ತಿಯ ಹತ್ತಿರ ಹಳೆಯ ಫಲಾನುಭವಿಗಳ ಪಟ್ಟಿ ಇದೆ. ಅದನ್ನು ಹಿಡಿದು ಮನೆ ಮನೆಗೆ ಹೋಗಬೇಕು ಅಂತ ಕೇಳುತ್ತೇನೆ. ಅದೇ ಕುಟುಂಬ ಇದೆಯಾ, ಮಳೆಗಾಲದಲ್ಲಿ ಒಳಗೆ ಪಾತ್ರೆ ಇಡಬೇಕಾಗುತ್ತದಾ, ಸ್ಲ್ಯಾಬಿನ ಅಡಿಯಲ್ಲಿ ಮೇಸ್ತ್ರಿಯವರು ಹೇಳಿದ ಕಂದು ಗೆರೆ ಬಂದಿದೆಯಾ, ಮನೆಯವರು ಕೈಯಿಂದ ಎಷ್ಟು ಹಾಕಿದರು, ಆ ದುಡ್ಡು ಯಾರ ಸಾಲ, ಎಷ್ಟು ಬಡ್ಡಿ. ಹಕ್ಕುಪತ್ರ ಯಾರ ಹೆಸರಲ್ಲಿದೆ, ಅದು ಅವರ ಕೈಯಲ್ಲೇ ಇದೆಯಾ ಅಥವಾ ಸಾಲಕ್ಕೆ ಅಡವಿಟ್ಟಿದ್ದಾರಾ. ಸಾಲದ ಪ್ರಶ್ನೆ ನನಗೆ ಎಲ್ಲಕ್ಕಿಂತ ಮುಖ್ಯ. 1.20 ಲಕ್ಷದ ಮನೆ ಅಂತ ನಾವು ಹೇಳುತ್ತೇವೆ. ಉಳಿದ ದುಡ್ಡು ಸ್ವಸಹಾಯ ಸಂಘದಿಂದ, ಕೈಸಾಲದಿಂದ, ಕೊರಳಿನ ಸರದಿಂದ ಬಂದಿದೆ. ಅದನ್ನೂ ಯೋಜನೆಯ ಖರ್ಚು ಅಂತಲೇ ಬರೆಯಬೇಕು.

ಸಿಗದವರ ಪಟ್ಟಿ ಬೇರೆಯೇ ಓದಬೇಕು, ಕಾರಣದ ಸಮೇತ. ಅರಣ್ಯ ಜಾಗ ಅಂತ ಎಷ್ಟು, ಸಿಆರ್‌ಝಡ್ ಅಂತ ಎಷ್ಟು. ಇದು ಪಂಚಾಯ್ತಿಯ ತಪ್ಪು ಅಂತ ಹೇಳಲು ಅಲ್ಲ. ಮೇಲಿನವರಿಗೆ ಬರೆಯುವಾಗ ಕೈಯಲ್ಲಿ ಅಂಕಿ ಇರಲಿ ಅಂತ.

ಬೇಡಿಕೆ ಒಂದೇ. ಹಳೆಯ ಸರಕಾರಿ ಮನೆಗಳ ದುರಸ್ತಿಗೆ ಬೇರೆ ಲೆಕ್ಕದಲ್ಲಿ ಹಣ. ನೆರೆ ಬಂದಾಗ ಭಾಗಶಃ ಹಾನಿಗೆ ಕೊಡುವ ಹಾಗೆ, ಹತ್ತು ವರ್ಷ ಕಳೆದ ಮನೆಯ ಮಾಡಿಗೂ ಕೊಡಲಿ. ಈಗಾಗಲೇ ಮನೆ ಪಡೆದವರು ಅನ್ನುವುದು ಅದಕ್ಕೆ ಅಡ್ಡ ಬರಬಾರದು.

---

ಶಿರಸಿ ಮೇಸ್ತ್ರಿ

ಅಕ್ಕ, ಒಂದು ಸೇರಿಸಿ. ಕಂತು ಬಿಡುಗಡೆಯಾದ ದಿನಾಂಕ ಮತ್ತು ಆ ಹಂತದ ಫೋಟೊ ಏರಿಸಿದ ದಿನಾಂಕ, ಎರಡನ್ನೂ ಪಕ್ಕಪಕ್ಕ ಬರೆಸಿ. ಎಷ್ಟು ಮನೆಗಳ ಗೋಡೆ ಮಾಡು ಇಲ್ಲದೆ ಮಳೆಗಾಲ ಕಳೆಯಿತು ಅಂತ ಅಲ್ಲೇ ಗೊತ್ತಾಗುತ್ತದೆ. ಸೋರುವ ಮನೆಗಳ ಪಟ್ಟಿಯ ಜೊತೆ ಇಟ್ಟು ನೋಡಿ. ಅರ್ಧಕ್ಕರ್ಧ ಹೆಸರು ಎರಡರಲ್ಲೂ ಇರುತ್ತವೆ ಅಂತ ನನ್ನ ಅಂದಾಜು.

---

ಕಚೇರಿ ಕೆಲಸದವ, ಅಂಕೋಲಾ

ಆ ಎರಡೂ ದಿನಾಂಕ ಆನ್‌ಲೈನ್‌ನಲ್ಲೇ ಸಿಗುತ್ತವೆ, ಮಾಹಿತಿ ಹಕ್ಕು ಅರ್ಜಿಯೂ ಬೇಡ. ನಿಮ್ಮ ಪಂಚಾಯ್ತಿಯಲ್ಲಿ ಕೇಳಿದರೆ ಮುದ್ರಿಸಿ ಕೊಡುತ್ತಾರೆ. ಸಭೆಗೆ ಒಂದು ವಾರ ಮೊದಲೇ ಲಿಖಿತವಾಗಿ ಕೇಳಿ, ಸ್ವೀಕೃತಿ ತೆಗೆದುಕೊಳ್ಳಿ. ಮತ್ತೆ ಬೇಡಿಕೆಯನ್ನು ಬರೀ ಭಾಷಣದಲ್ಲಿ ಬಿಡಬೇಡಿ, ನಡಾವಳಿ ಪುಸ್ತಕದಲ್ಲಿ ಠರಾವು ಅಂತ ಬರೆಸಿ. ಠರಾವು ಇದ್ದರೆ ನಾವು ತಾಲ್ಲೂಕು ಪಂಚಾಯ್ತಿಗೆ ಕಳಿಸಲೇಬೇಕಾಗುತ್ತದೆ.

---

ಹೊನ್ನಾವರ ಕಡಲತಡಿ

ನಮ್ಮ ಪಂಚಾಯ್ತಿಯಲ್ಲೂ ಇದೇ ಕಾಗದ ಕೊಡುತ್ತೇವೆ. ಅಕ್ಕ, ತಿದ್ದಿದ್ದು ಮುಗಿದ ಮೇಲೆ ಇಲ್ಲಿ ಹಾಕಿ. ಮನೆ ಮನೆಗೆ ಹೋಗಲು ನಮ್ಮ ಸಂಘದ ಹೆಂಗಸರು ತಯಾರಿದ್ದಾರೆ. ಜುಲೈಯಲ್ಲೇ ಹೋಗೋಣ, ಸೋರುವುದು ಕಣ್ಣಿಗೆ ಕಾಣುವಾಗಲೇ.